ಜೇವರ್ಗಿಯ ನಂಬರು, ಆಳಂದದ ಲ್ಯಾಪ್‌ಟಾಪ್

ಅತುಲನ ಕೈ ನನ್ನ ಕುತ್ತಿಗೆಗೆ ಬೀಳುವ ಅರ್ಧ ತಾಸು ಮೊದಲು ಅವನೇ ನನಗೆ ಚಹಾ ತರಿಸಿಕೊಟ್ಟಿದ್ದ. "ಮೇಡಂಗ ಸಕ್ಕರಿ ಕಮ್ಮಿ ಹಾಕು" ಎಂದು ಗಾಡಿಯವನಿಗೆ ಬಾಗಿಲಿನಿಂದಲೇ ಕೂಗಿ ಹೇಳಿದ್ದ. ಕೊಲ್ಲಲು ಬರುವವರಲ್ಲೂ ಇಷ್ಟು ಮರ್ಯಾದೆ ಇರುತ್ತದೆಂದು ಹನ್ನೊಂದು ವರ್ಷದ ವಕೀಲಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಅಫಜಲಪುರದ ಸಮುದಾಯ ಭವನ, ಮಧ್ಯಾಹ್ನ ಒಂದೂವರೆ. ಹೊರಗೆ ಏಪ್ರಿಲ್ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಒಳಗೆ ದೀಪ ಹಚ್ಚಿ ನೋಡಲೆಂದು ಕಿಟಕಿಗಳಿಗೆಲ್ಲ ತಾಡಪತ್ರಿ ಬಿಗಿದು ಹಗಲಿನಲ್ಲೇ ಕತ್ತಲು ಮಾಡಿಕೊಂಡಿದ್ದರು. ಸಂಜೆ ಬಾಬಾಸಾಹೇಬರ ಜಯಂತಿಯ ಮೆರವಣಿಗೆ. ಮೈದಾನದ ಬಾಗಿಲಿಗೆ ನಿಲ್ಲಿಸಿದ್ದ ನಲವತ್ತು ಅಡಿಯ ಕಮಾನು ಹಾಡಿನ ತಾಳಕ್ಕೆ ಸರಿಯಾಗಿ ಬಣ್ಣ ಬದಲಿಸಬೇಕಿತ್ತು.

ಆಳಂದದಲ್ಲೂ ಜೇವರ್ಗಿಯಲ್ಲೂ ಜಯಂತಿ ಮೂರು ದಿನದ ಹಿಂದೆ, ಹದಿನಾಲ್ಕಕ್ಕೇ ಆಗಿಹೋಗಿತ್ತು. ಆ ಸಂಜೆ ಎಂಟು ಹತ್ತಕ್ಕೆ ಜೇವರ್ಗಿಯ ದೀಪಗಳೆಲ್ಲ ಆರಿದವು. ನಾಲ್ಕು ನಿಮಿಷದ ಮೇಲೆ ಮತ್ತೆ ಹೊತ್ತಿಕೊಂಡಾಗ ಕಮಾನಿನ ಬುಡದಲ್ಲಿ ದೀಪದ ಕೆಲಸದ ಜಗದೇವ ತಲೆ ಒಡೆದು ಸತ್ತು ಬಿದ್ದಿದ್ದ. ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೊಣಕೈವರೆಗೆ ರಕ್ತವಾಗಿ ಕೂತಿದ್ದವನು ನನ್ನ ತಮ್ಮ ಅಜಯಕುಮಾರ.

ಜನ ಕೇಳಲಿಲ್ಲ, ಹೊಡೆದರು. ಬಲಗೈ ಎರಡು ಕಡೆ ಮುರಿದಿದೆ. ದವಡೆ ಒಡೆದು ಬಾಯಿಗೆ ತಂತಿ ಬಿಗಿದಿದ್ದಾರೆ. ಅವನು ಮಾತಾಡಲಾರ, ಬರೆಯಲಾರ. ನಾಳೆ ಬೆಳಿಗ್ಗೆ ಆಸ್ಪತ್ರೆಯಿಂದ ಬಿಟ್ಟ ಕೂಡಲೇ ಜೈಲಿಗೆ. ಆ ಸ್ಥಿತಿಯಲ್ಲಿ ಜೈಲಿಗೆ ಹೋದರೆ ಅವನು ಉಳಿಯುವುದಿಲ್ಲ, ಅದು ನನಗೆ ಗೊತ್ತು, ಅವ್ವನಿಗೂ ಗೊತ್ತು. ಹಾಗಾಗಿ ನನ್ನ ಕೈಯಲ್ಲಿದ್ದದ್ದು ಒಂದೇ ಮಧ್ಯಾಹ್ನ.

ಪೊಲೀಸರ ಲೆಕ್ಕ ಸರಳವಾಗಿತ್ತು. ಅಜಯ ಕರೆಂಟಿನ ಕೆಲಸದವನು, ಕಮಾನಿಗೆ ಲೈನು ಎಳೆದುಕೊಟ್ಟವನು. ಅದೇ ದಿನ ಸಂಜೆ ನಾಲ್ಕಕ್ಕೆ ನೂರು ಜನರೆದುರು ಜಗದೇವನ ಕೊರಳಪಟ್ಟಿ ಹಿಡಿದಿದ್ದ. ಯಾಕೆಂದು ಇಬ್ಬರೂ ಯಾರಿಗೂ ಹೇಳಲಿಲ್ಲ. ಅವನೇ ಮೇನ್ ಸ್ವಿಚ್ ಇಳಿಸಿದ, ಕತ್ತಲಲ್ಲಿ ಪೈಪಿನಿಂದ ಹೊಡೆದ. ಮುಗಿಯಿತು.

ಆದರೆ ಆ ನಾಲ್ಕು ನಿಮಿಷದಲ್ಲಿ ಯಾರೋ ಫೋನಿನಲ್ಲಿ ಹಿಡಿದ ವಿಡಿಯೋವನ್ನು ನಾನು ಅರವತ್ತು ಸಲ ನೋಡಿದ್ದೆ. ಕಾಣುವುದು ಬರೀ ಕಪ್ಪು. ಕೇಳುವುದು ಮಾತ್ರ ಬೇರೆ. ಧ್ವನಿವರ್ಧಕದ ಹಾಡು ಒಂದು ಅಕ್ಷರವೂ ತಪ್ಪದೆ ನಡೆದಿದೆ. ಪಕ್ಕದ ಕಬ್ಬಿನ ಹಾಲಿನ ಯಂತ್ರವೂ ಗುರುಗುಟ್ಟುತ್ತಲೇ ಇದೆ. ಹಾಡು, ಯಂತ್ರ, ದೀಪ ಮೂರಕ್ಕೂ ಒಂದೇ ಲೈನು. ಕರೆಂಟು ಹೋಗಿರಲಿಲ್ಲ. ದೀಪಗಳಿಗೆ ಮಾತ್ರ ಯಾರೋ ಆರಿಕೊಳ್ಳಲು ಹೇಳಿದ್ದರು.

ಹಾಗೆ ಹೇಳುವುದು ಹೇಗೆಂದು ತಿಳಿಯಲು ನಾನು ಅಫಜಲಪುರಕ್ಕೆ ಬಂದಿದ್ದೆ.

"ಇಷ್ಟೇ ನೋಡ್ರಿ ವಕೀಲ್ರೇ" ಎಂದ ಅಂಬಾರಾಯ. ಮೂರು ತಾಲ್ಲೂಕಿಗೂ ದೀಪದ ಗುತ್ತಿಗೆ ಅವನದೇ. ಅರವತ್ತರ ಮನುಷ್ಯ, ಮುಂದಿನ ಎರಡು ಹಲ್ಲಿಲ್ಲ. ನೆಲದ ಮೇಲೆ ಎಂಟು ಡಬ್ಬಿಗಳು ಸಾಲಾಗಿದ್ದವು. ಒಂದೊಂದು ಡಬ್ಬಿಯಿಂದ ದೀಪದ ಸರಗಳು ಹೊರಟಿದ್ದವು. ಎಂಟು ಡಬ್ಬಿಯ ನೀಲಿ ವೈರುಗಳೂ ಒಂದು ಜಾಗದಲ್ಲಿ ಕೂಡಿ, ಅಲ್ಲಿಂದ ಒಂದೇ ವೈರು ಮೇಜಿನ ಮೇಲಿದ್ದ ಲ್ಯಾಪ್‌ಟಾಪಿಗೆ ಹೋಗಿತ್ತು. "ಲ್ಯಾಪ್‌ಟಾಪ್ ಹೇಳ್ತದ, ಡಬ್ಬಿ ಕೇಳ್ತದ, ಲೈಟ್ ಕುಣೀತಾವ."

"ಯಾರ ಲ್ಯಾಪ್‌ಟಾಪ್ ಹಚ್ಚಿದ್ರೂ ಕೇಳ್ತಾವೇನು?"

"ಎಲ್ಲಿ ಕೇಳ್ತಾವ್ರಿ!" ಇದು ಅತುಲ. ಮೂವತ್ತರ ಹುಡುಗ, ಇಸ್ತ್ರಿ ಅಂಗಿ, ಅಂಬಾರಾಯನ ಬಳಿ ಲ್ಯಾಪ್‌ಟಾಪ್ ಕೆಲಸ ಬಲ್ಲವನು ಇವನೊಬ್ಬನೇ. ತನ್ನ ವಿದ್ಯೆಯ ಮಾತು ಬಂದರೆ ಇವನ ಮುಖಕ್ಕೆ ಬೆಳಕು ಬರುತ್ತದೆ. "ನಂಬರ್ ಕೂಡಬೇಕು. ಇಲ್ಲಿ ನೋಡ್ರಿ."

ಪರದೆಯ ಮೇಲ್ಭಾಗದಲ್ಲಿ ಬೆರಳಿಟ್ಟ. 192.168.2.50.

"ಮೊದಲಿನ ಎರಡು ಎಲ್ಲಾ ಕಡಿ ಒಂದೇ. ಕಡೀದು ಮನಿ ನಂಬರ್ ಇದ್ದಂಗ, ಡಬ್ಬಿಗೊಂದು, ಲ್ಯಾಪ್‌ಟಾಪಿಗೊಂದು. ಮೂರನೇದು ಓಣಿ. ಇವು ಎರಡನೇ ಓಣಿಯ ಡಬ್ಬಿ. ನನ್ನ ಲ್ಯಾಪ್‌ಟಾಪ್‌ಗೂ ಎರಡನೇ ಓಣಿ ಕೊಟ್ರನ ಮಾತಾಡ್ತಾವ. ಬ್ಯಾರೆ ಓಣ್ಯಾಗ ನಿಂತು ಎಷ್ಟು ಚೀರಿದ್ರೂ ಒಂದು ಬಲ್ಬ್ ಸೈತ ಮಿಣಕ್ ಅನ್ನಂಗಿಲ್ಲ."

"ಓಣಿ ಯಾಕೆ ಬೇರೆ ಬೇರೆ?"

ಅಂಬಾರಾಯ ನಕ್ಕು ತನ್ನ ಬೋಳು ವಸಡನ್ನು ತೋರಿಸಿದ. "ಇದಕ್ಕ ನೋಡ್ರಿ! ಹಿಂದೊಮ್ಮೆ ನರೋಣಾದಾಗ ಲಗ್ನ ಇತ್ತು. ಡಬ್ಬಿ ಅದಲ್ ಬದಲ್ ಆಗಿ, ಕಮಾನಿನ ಮ್ಯಾಲ ಸರಸಂಬಾದ ಮದುಮಗನ ಹೆಸರು ಬಂತು. ಗಂಡಿನ ಕಡಿಯಾವ್ರು ನನ್ನ ಎರಡು ಹಲ್ಲು ಅಲ್ಲೇ ಉದುರಿಸಿದ್ರು. ಅವತ್ತಿನಿಂದ ನಾ ಕಾಯ್ದೆ ಮಾಡೇನಿ. ಆಳಂದದ ಡಬ್ಬಿ ಒಂದನೇ ಓಣಿ, ಅಫಜಲಪುರದವು ಎರಡು, ಜೇವರ್ಗಿಯವು ಮೂರು. ಮುಚ್ಚಳದ ಮ್ಯಾಲ ಕೆಂಪು ಬಣ್ಣದಾಗ ಬರಸೇನಿ. ಒಂದರ ಡಬ್ಬಿ ಇನ್ನೊಂದು ಊರಿಗೆ ಹೋಗಂಗಿಲ್ಲ."

ಹೌದು, ಎಂಟೂ ಮುಚ್ಚಳಗಳ ಮೇಲೆ ಕೈಬರಹದ ದಪ್ಪ ಕೆಂಪು '೨'.

ನಿನ್ನೆ ಒಂದು ವಿಡಿಯೋದಲ್ಲಿ ಕಂಡ ನಂಬರು ನನಗೆ ನೆನಪಾಯಿತು. ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟೆ.

"ಲ್ಯಾಪ್‌ಟಾಪ್ ಇಲ್ಲದೆ ಶೋ ನಡೆಯೋದಿಲ್ಲ, ಅಲ್ಲವಾ?" ಎಂದೆ, ಪೆದ್ದಿಯ ಹಾಗೆ.

"ನಡೀತದಲ್ರಿ!" ಎಂದ ಅಂಬಾರಾಯ. "ಮೊದಲನೇ ಡಬ್ಬ್ಯಾಗ ಕಾರ್ಡ್ ಹಾಕಿ ಟೈಮ್ ಇಟ್ರ ತಂತಾನೇ ಶುರು ಆಗ್ತದ, ಹಾಡಿನ ಸಮೇತ. ಜೇವರ್ಗ್ಯಾಗ ಪಾಪ ಜಗದೇವ ಹಂಗೇ ನಡಸ್ತಿದ್ದ, ಅವಗ ಲ್ಯಾಪ್‌ಟಾಪ್ ಬರ್ತಿದ್ದಿಲ್ಲ. ನೀವು ಕುಂದರ್ರಿ, ನಾ ಎರಡು ತುತ್ತು ಉಂಡು ಬರ್ತೇನಿ. ಏ ಅತುಲ, ಆ ಉದ್ದನ ಕೀ ಒತ್ತಬ್ಯಾಡ ಅಂತ ಮೇಡಂಗ ಹೇಳು. ಹೊರಗ ಸ್ಪೀಕರ್ ಎಲ್ಲಾ ಚಾಲೂ ಅದಾವ, ಮಂದಿ ಬೆಚ್ಚಿ ಬೀಳ್ತಾರ."

ಅಂಬಾರಾಯ ಹೋದ. ಕೆಲಸಗಾರರು ಆಗಲೇ ಊಟಕ್ಕೆ ಹೋಗಿದ್ದರು. ಭವನದಲ್ಲಿ ನಾವಿಬ್ಬರೇ ಉಳಿದೆವು.

ಬುದ್ಧಿ ಇದ್ದವಳಾಗಿದ್ದರೆ ನಾನೂ ಎದ್ದು ಹೊರಗೆ ಹೋಗಬೇಕಿತ್ತು. ಜೇವರ್ಗಿ ಠಾಣೆಯ ಪಿಎಸ್‌ಐ ಶಾಂತಕುಮಾರ ನನ್ನ ಕಾಟ ತಾಳಲಾರದೆ ಎರಡು ಗಂಟೆಗೆ ಇಲ್ಲಿಗೇ ಬರುತ್ತೇನೆಂದು ಒಪ್ಪಿದ್ದರು. ಇನ್ನು ಹದಿನೈದು ನಿಮಿಷ ಕಾಯ್ದಿದ್ದರೆ ಸಾಕಿತ್ತು. ಆದರೆ ಆಸ್ಪತ್ರೆಯಲ್ಲಿ ತಮ್ಮನ ಊದಿದ ಮುಖ ನೋಡಿ ಬಂದವಳಿಗೆ ಹದಿನೈದು ನಿಮಿಷ ದೊಡ್ಡದು. ನನ್ನ ಬಾಯಿ ಮೊದಲಿನಿಂದಲೂ ನನ್ನ ಮಾತು ಕೇಳುವುದಿಲ್ಲ.

"ಹದಿನಾಲ್ಕನೇ ತಾರೀಖು ನೀವು ಆಳಂದದಾಗ ಇದ್ರಿ" ಎಂದೆ.

"ಐದು ಗಂಟೇಕ ಕುಂತಾವ ಹನ್ನೊಂದಕ್ಕ ಎದ್ದೇನಿ. ಊರೇ ನೋಡ್ಯದ."

"ಊರು ದೀಪ ನೋಡ್ಯದ. ತಾಡಪತ್ರಿ ಹಿಂದೆ ಕೂತ ನಿಮ್ಮನ್ನ ಯಾರೂ ನೋಡಿಲ್ಲ. ಹತ್ತು ಇಪ್ಪತ್ತಕ್ಕೆ ಒಬ್ಬರು ನೋಡಿದ್ರು. ಫರಹೀನ."

ಅವನ ರೆಪ್ಪೆ ಒಮ್ಮೆ ಅದುರಿತು.

ಫರಹೀನ ಆಳಂದದಲ್ಲಿ ಕಂಪ್ಯೂಟರ್ ಕಲಿಸುವವಳು. ಅಂದು ಜಯಂತಿಯ ನಿರೂಪಣೆ ಅವಳದು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದ ತನ್ನ ತಾಯಿ ಮೆಹರಾಜಬೇಗಂ ಹೆಸರನ್ನು ಕಮಾನಿನ ಮೇಲೆ ಓಡಿಸಬೇಕೆಂದು ಅತುಲನ ಬಳಿ ಬಂದಿದ್ದಳು. ತಾಯಿಗೆ ತೋರಿಸಲೆಂದು ಎಲ್ಲವನ್ನೂ ಫೋನಿನಲ್ಲಿ ಹಿಡಿದಳು. ದೀಪದವರ ಬಗ್ಗೆ ಊರೂರು ವಿಚಾರಿಸುತ್ತಿದ್ದ ನನಗೆ ನಿನ್ನೆ ಕಳಿಸಿದಳು. ನಲವತ್ತು ಸೆಕೆಂಡು.

ಫೋನನ್ನು ಅವನ ಮುಂದೆ ಹಿಡಿದೆ. ಪರದೆಯಲ್ಲಿ ಅತುಲ ಹೆಸರು ಟೈಪು ಮಾಡುತ್ತಾನೆ, ಕಳಿಸುತ್ತಾನೆ. ಎಂಟು ಡಬ್ಬಿಗೂ ಎಂಟು ಕೆಂಪು ಗುರುತು. "ಏನ್ರಿ, ನಿಮ್ಮ ಲ್ಯಾಪ್‌ಟಾಪ್ ಸಿಟ್ಟಾಗ್ಯದೇನು?" ಎಂದು ಫರಹೀನ ನಗುತ್ತಾಳೆ. "ಒಂದ್ ಮಿನಿಟ್ ತಡೀರಿ" ಎಂದು ಅವನು ಮೇಲಿನ ನಂಬರನ್ನು ಅಳಿಸಿ ಬೇರೆ ಹಾಕುತ್ತಾನೆ. ಎಂಟೂ ಹಸಿರಾಗುತ್ತವೆ. ಹೊರಗೆ ಕಮಾನಿನ ಮೇಲೆ ತಾಯಿಯ ಹೆಸರು ಬೆಳಗುತ್ತದೆ, ಯಾರೋ ಚಪ್ಪಾಳೆ ಹೊಡೆಯುತ್ತಾರೆ.

ಅಳಿಸುವುದಕ್ಕೆ ಮೊದಲಿನ ಜಾಗದಲ್ಲಿ ನಾನು ವಿಡಿಯೋ ನಿಲ್ಲಿಸಿದೆ. 192.168.3.50.

"ನಿನ್ನೆ ಇದೇನಂತ ನನಗೆ ತಿಳೀಲಿಲ್ಲ. ಈಗ ತಿಳೀತು, ನೀವೇ ಕಲಿಸಿದ್ರಿ. ಆಳಂದದ ಡಬ್ಬಿಗೆ ಹಚ್ಚಿದ ಲ್ಯಾಪ್‌ಟಾಪಿನಲ್ಲಿ ಮೂರನೇ ಓಣಿ ಯಾಕೆ ಇತ್ತು, ಅತುಲ? ಅದು ಜೇವರ್ಗಿಯ ಓಣಿ."

ಅವನು ಪರದೆಯಿಂದ ಕಣ್ಣು ತೆಗೆದು ಬಾಗಿಲಿನತ್ತ ನೋಡಿದ.

"ನಾನೇ ಹೇಳ್ತೇನಿ. ಆಳಂದದಾಗ ಕಾರ್ಡ್ ಹಾಕಿ, ಏಳಕ್ಕೆ ಟೈಮ್ ಇಟ್ಟು, ಆರರ ಒಳಗೆ ಗಾಡಿ ಹತ್ತಿದ್ರಿ. ಎಂಟಕ್ಕೆ ಜೇವರ್ಗಿ. ಸ್ಟೇಜಿನ ಹಿಂದೆ ವೈರು ಚುಚ್ಚಿದ್ರಿ, ಮೂರನೇ ಓಣಿ ಕೊಟ್ರಿ, ದೀಪ ಆರಿಸಿದ್ರಿ. ನಾಲ್ಕು ನಿಮಿಷ. ಹತ್ತೂ ಕಾಲಿಗೆ ಆಳಂದದಾಗ ವಾಪಸ್. ದೀಪ ತಾನೇ ಕುಣೀತಿತ್ತು. ಅದಕ್ಕೇ ನಂಬರ್ ಬದಲಿಸೋದು ಮರೆತ್ರಿ. ಫರಹೀನ ತಾಯಿಯ ಹೆಸರು ಕೇಳದಿದ್ರೆ ಅದು ಯಾರಿಗೂ ಗೊತ್ತಾಗ್ತಿರಲಿಲ್ಲ."

"ಇನ್ನೊಮ್ಮೆ ತೋರ್ಸ್ರಿ" ಎಂದ ಅತುಲ, ಬಹಳ ಮೆತ್ತಗೆ.

ಕೊಟ್ಟೆ. ಅವನು ಫೋನನ್ನು ಒಂದು ಕ್ಷಣ ನೋಡಿದ. ಆಮೇಲೆ ಅದನ್ನು ನೆಲಕ್ಕೆ ಅಪ್ಪಳಿಸಿ ಬೂಟಿನ ಹಿಮ್ಮಡಿಯಿಂದ ಮೂರು ಸಲ ತುಳಿದ.

"ಅದರ ಕಾಪಿ ಬೆಳಿಗ್ಗೇನೇ ಶಾಂತಕುಮಾರ ಸಾಹೇಬ್ರಿಗೆ ಹೋಗ್ಯದ" ಎಂದು ನಕ್ಕುಬಿಟ್ಟೆ. ನಗಬಾರದಿತ್ತು.

ಅವನು ಓಡಿಹೋಗಿ ಬಾಗಿಲಿನ ಅಗಳಿ ಹಾಕಿದ. ತಿರುಗಿದಾಗ ಕೈಯಲ್ಲಿ ಕಮಾನಿನ ಪೈಪಿನ ತುಂಡಿತ್ತು. ಬೀಸಿದ ಮೊದಲ ಏಟು ತಲೆಗೇ ಬರುತ್ತಿತ್ತು, ನಾನು ಕೈ ಅಡ್ಡ ಕೊಟ್ಟೆ. ಎಡ ಮೊಣಕೈಯ ಕೆಳಗೆ ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ನೋವು ತಡವಾಗಿ ಬಂತು, ಬಂದಾಗ ಕಣ್ಣು ಕತ್ತಲೆಯಾಯಿತು.

"ಸಾಕ್ರಿ ಮೇಡಂ! ಬಿಟ್ಟುಬಿಡ್ರಿ ಅಂದ್ರ ಬಿಡಂಗಿಲ್ಲ ನೀವು!" ಅವನು ಅಳುತ್ತಿದ್ದ. ಅಳುತ್ತಲೇ ಎರಡನೆಯ ಏಟು ಹೊಡೆದ. ಅದು ಭುಜಕ್ಕೆ ಬಿತ್ತು. ನಾನು ಡಬ್ಬಿಗಳ ಮೇಲೆ ಮಗುಚಿದೆ. ಹೊಟ್ಟೆಗೆ ಒದ್ದ. ಬಾಯಿಯಲ್ಲಿ ಚಹಾವೂ ರಕ್ತವೂ ಒಟ್ಟಿಗೇ ಬಂದವು.

ಕೂಗಿದೆ. ತಾಡಪತ್ರಿ ಬಿಗಿದ ಆ ಭವನದಿಂದ ನನ್ನ ಕೂಗು ಎಷ್ಟು ದೂರ ಹೋಗಿರಬಹುದು? ಅವನು ಪೈಪು ಬಿಸಾಕಿ ನೀಲಿ ವೈರೊಂದನ್ನು ಡಬ್ಬಿಯಿಂದ ಕಿತ್ತ. ಹಿಂದಿನಿಂದ ನನ್ನ ಕುತ್ತಿಗೆಗೆ ಎರಡು ಸುತ್ತು ಹಾಕಿ, ಬೆನ್ನಿಗೆ ಮೊಣಕಾಲು ಒತ್ತಿ ಎಳೆದ.

ಉಸಿರು ನಿಂತಿತು. ಅಜಯ ಚಿಕ್ಕವನಿದ್ದಾಗ ನನ್ನ ಬೆನ್ನೇರಿ ಕುತ್ತಿಗೆ ಹಿಡಿದುಕೊಳ್ಳುತ್ತಿದ್ದದ್ದು ಯಾಕೋ ನೆನಪಾಯಿತು. ಸಾಯುವಾಗ ಇಂಥವೇ ನೆನಪಾಗುತ್ತವೆಯೋ ಏನೋ. ನನಗೆ ಬಂದದ್ದು ಭಯವಲ್ಲ, ಸಿಟ್ಟು. ಇವನ ಕೈಯಲ್ಲಿ ನಾನು ಸತ್ತರೆ ನಾಳೆ ಅಜಯನನ್ನು ಬಿಡಿಸಲು ಯಾರಿದ್ದಾರೆ?

ಬಲಗೈಗೆ ಒಂದು ಡಬ್ಬಿಯ ಮುಚ್ಚಳ ಸಿಕ್ಕಿತು. ತಗಡಿನದು, ಚೂಪು ಅಂಚಿನದು. ಇದ್ದಬದ್ದ ಬಲವನ್ನೆಲ್ಲ ಹಾಕಿ ತಲೆಯ ಮೇಲಿಂದ ಹಿಂದಕ್ಕೆ ಹೊಡೆದೆ. ಏನೋ ಮೆತ್ತಗಿನದು ಹರಿಯಿತು. ಅವನು ಚೀರಿದ. ವೈರು ಒಂದು ಬೆರಳಿನಷ್ಟು ಸಡಿಲಾಯಿತು. ಮತ್ತೊಮ್ಮೆ ಹೊಡೆದೆ. ಈ ಸಲ ಮೂಗಿನ ಎಲುಬು.

ತೆವಳಿ ಮೇಜಿನ ಕಾಲು ಹಿಡಿದೆ. ಅವನು ನನ್ನ ಪಾದ ಹಿಡಿದೆಳೆದ. ಮೇಜು ವಾಲಿತು, ಲ್ಯಾಪ್‌ಟಾಪ್ ಜಾರಿ ನನ್ನ ಮುಖದ ಪಕ್ಕದಲ್ಲೇ ಬಿತ್ತು. ವೈರು ಇನ್ನೂ ಅದರಲ್ಲಿತ್ತು. ಉದ್ದನೆಯ ಕೀ ನನ್ನ ಗಲ್ಲದಿಂದ ಒಂದು ಗೇಣು ದೂರ.

ಹಣೆಯಿಂದ ಒತ್ತಿದೆ.

ವೈರು ಕಿತ್ತ ಡಬ್ಬಿಯೊಂದನ್ನು ಬಿಟ್ಟು ಉಳಿದ ಏಳರ ದೀಪಗಳೂ ಒಮ್ಮೆಲೇ ಹೊತ್ತಿಕೊಂಡವು. ಕೆಂಪು, ನೀಲಿ, ಬಿಳಿ. ಆ ಬೆಳಕಿನಲ್ಲಿ ಅತುಲನ ಮುಖ ಕಂಡಿತು, ಒಂದು ಕಪಾಳ ಬಾಯಿಯವರೆಗೆ ಸೀಳಿತ್ತು. ಹೊರಗೆ ಮೈದಾನದ ಹದಿನಾರು ಸ್ಪೀಕರುಗಳಿಂದ ಡೊಳ್ಳು, ಹಲಗೆ, "ಜೈ ಭೀಮ್" ಒಟ್ಟಿಗೇ ಸಿಡಿದವು. ಕಿಟಕಿಯ ತಾಡಪತ್ರಿಗಳು ಅದುರಿದವು.

"ಲೇ ಅತುಲ! ಯಾಕ ಚಾಲೂ ಮಾಡ್ದಿ? ಬಾಗಲ ತೆಗಿಯಲೇ!" ಅಂಬಾರಾಯ ಹೊರಗಿನಿಂದ ಬಾಗಿಲು ಗುದ್ದಿದ. ಅವನ ಹಿಂದೆ ಇನ್ನೂ ಹತ್ತಾರು ಕಾಲುಗಳ ಸದ್ದು. ಅತುಲ ಮತ್ತೆ ಪೈಪಿಗೆ ಕೈ ಹಾಕಿದ. ನಾನು ಅವನ ಮುಂಗೈಗೆ ಹಲ್ಲು ಹಾಕಿ ಕಚ್ಚಿ ಹಿಡಿದೆ. ಅವನು ನನ್ನ ಕಿವಿಯ ಮೇಲೆ ಗುದ್ದಿದ, ಒಮ್ಮೆ, ಎರಡು, ಮೂರು. ಬಿಡಲಿಲ್ಲ. ನಾಲ್ಕನೆಯದಕ್ಕೆ ಬಾಗಿಲು ಮುರಿದು ಬಿತ್ತು.

ಶಾಂತಕುಮಾರ ಲಾಠಿಯಿಂದ ಅವನ ಮೊಣಕಾಲಿನ ಹಿಂದೆ ಒಂದೇ ಏಟು ಕೊಟ್ಟರು. ಅತುಲ ಕುಸಿದ. ಅಂಬಾರಾಯ ನನ್ನ ಕುತ್ತಿಗೆಯ ವೈರು ಬಿಚ್ಚಿದ. "ಅಯ್ಯೋ ನಮ್ಮವ್ವಾ, ಅಯ್ಯೋ ನಮ್ಮವ್ವಾ" ಎನ್ನುವುದೊಂದೇ ಮಾತು. ಹೊರಗೆ ಹಾಡು ನಡೆದೇ ಇತ್ತು, ನಿಲ್ಲಿಸಲು ಯಾರಿಗೂ ಬರುತ್ತಿರಲಿಲ್ಲ.

"ಸಾಹೇಬ್ರೇ" ಎಂದೆ. ದನಿ ನನ್ನದಲ್ಲವೆನಿಸಿತು. "ಬರ್ಕೊಳ್ರಿ. ಅವತ್ತು ಎಂಟು ಹತ್ತಕ್ಕ ಇವ ಜೇವರ್ಗ್ಯಾಗ ಇದ್ದ. ದೀಪ ಆರಿಸಿದಾವ ಇವ. ನನ್ನ ತಮ್ಮನ ಸಂಕೋಲೆ ಇವತ್ತೇ ಬಿಚ್ಚಬೇಕು."

"ವಿಡಿಯೋ ದಾರ್ಯಾಗ ನೋಡೇನ್ರಿ ವಕೀಲ್ರೇ" ಎಂದರು ಶಾಂತಕುಮಾರ. ಮೂರು ದಿನದಲ್ಲಿ ಮೊದಲ ಸಲ ಅವರ ದನಿಯಲ್ಲಿ ನನ್ನ ಬಗ್ಗೆ ಗೌರವ ಕೇಳಿಸಿತು. ಅತುಲನ ಕೂದಲು ಹಿಡಿದು ಮುಖ ಎತ್ತಿದರು. "ಹೌದೇನಲೇ?"

"ಹೌದ್ರಿ" ಎಂದ ಅತುಲ. ಮೂಗಿನಿಂದ ರಕ್ತ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. "ಹೋಗಿದ್ದೆ. ಆರಿಸಿದ್ದೂ ನಾನೇ. ಖರೇ."

ನನಗೆ ಅಳು ಬಂತು. ಆ ಸಂತೋಷ ಮುಚ್ಚಿಡುವುದೇಕೆ, ಮುರಿದ ಕೈಯೂ ಒಂದು ಕ್ಷಣ ನೋಯಲಿಲ್ಲ. ಅವ್ವನಿಗೆ ಮೊದಲು ಫೋನು ಮಾಡಬೇಕೆಂದು ತಡಕಾಡಿದೆ. ಫೋನು ನೆಲದ ಮೇಲೆ ಚೂರಾಗಿ ಬಿದ್ದಿತ್ತು.

"ಆದ್ರ ಹೊಡದಾವ ನಾ ಅಲ್ರಿ ಸಾಹೇಬ್ರೇ. ನಾ ಸ್ಟೇಜಿನ ಹಿಂದ ಇದ್ದೆ. ನಾಲ್ಕು ನಿಮಿಷ ಆದ ಮ್ಯಾಲ ಲೈಟ್ ಹಚ್ಚಿದೆ, ಮಂದಿ ಚೀರಿದ್ರು, ಓಡಿಬಂದೆ. ನನಗ ಕತ್ತಲಿ ಕೇಳಿದ್ರು, ಕೊಟ್ಟೆ. ಅಷ್ಟೇ. ಸಿಕ್ಕಿಬಿದ್ರ ನನ್ನ ತಲಿ ಮ್ಯಾಲ ಬರ್ತದಂತ ಅಂಜಿ ಮೇಡಂ ಮ್ಯಾಲ ಕೈ ಮಾಡಿದೆ."

"ಯಾರು ಕೇಳಿದ್ರು?"

ಅತುಲ ನನ್ನನ್ನು ನೋಡಿದ. ಆ ನೋಟದಲ್ಲಿ ದ್ವೇಷವಿದ್ದಿದ್ದರೆ ಚೆನ್ನಾಗಿತ್ತು. ಕನಿಕರವಿತ್ತು.

"ಬಿಟ್ಟುಬಿಡ್ರಿ ಅಂತ ಅದಕ್ಕೇ ಅಂದೆ ಮೇಡಂ. ನೀವು ಕೇಳಲಿಲ್ಲ. ಸಾಹೇಬ್ರೇ, ನನ್ನ ಕಿಸೇದಾಗಿನ ಫೋನ್ ತೆಗೀರಿ. ಹದಿನಾಲ್ಕನೇ ತಾರೀಖ, ಮಧ್ಯಾಹ್ನ ಒಂದೂವರಿಗೆ ಬಂದ ವಾಯ್ಸ್ ಮೆಸೇಜ್."

ಶಾಂತಕುಮಾರ ಫೋನು ತೆಗೆದರು. ಯಾರೋ ಕೊನೆಗೆ ಸ್ಪೀಕರಿನ ವೈರು ಕಿತ್ತಿರಬೇಕು, ಹಾಡು ಅರ್ಧಕ್ಕೇ ನಿಂತಿತು. ಆ ಮೌನದಲ್ಲಿ ಒಂದು ದನಿ ಮಾತಾಡತೊಡಗಿತು. ಅವಸರದ ದನಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಂತಿದ್ದ ದನಿ.

"ಅತುಲ, ಎಂಟು ಹತ್ತಕ್ಕ ಬರೋಬರ್ ಆರಸು. ನಾಲ್ಕೇ ನಾಲ್ಕು ನಿಮಿಷ. ಜಗದೇವಗ ಹೇಳಬ್ಯಾಡ. ನೀನೇ ಬಾ, ಕೈ ಮುಗೀತೇನಿ. ಮತ್ತ ನೋಡು, ಅಕ್ಕಗ ಮಾತ್ರ ಗೊತ್ತಾಗಬಾರದು."

ದನಿ ಮುಗಿಯುವ ಮೊದಲು ಅದರ ಹಿಂದೆ, ದೂರದಲ್ಲಿ, ಒಬ್ಬ ಹೆಂಗಸು ಕರೆಯುತ್ತಾಳೆ. "ರೊಟ್ಟಿ ಆರಾಕತ್ತಾವ, ಉಣ್ಣಾಕ ಬಾ ಅಜಯಾ." ಆ ಕರೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನಮ್ಮವ್ವ ಮಲ್ಕಮ್ಮ. ಆ ಮಧ್ಯಾಹ್ನ ಅವನು ಊಟಕ್ಕೆ ಬಂದದ್ದು ನನ್ನ ಮನೆಗೆ. ಅವನ ತಾಟಿಗೆ ಎರಡನೆಯ ರೊಟ್ಟಿ ಹಾಕಿದವಳು ನಾನು.

ನಿನ್ನೆ ಆಸ್ಪತ್ರೆಯಲ್ಲಿ ಕೇಳಿದ್ದೆ, ದೀಪ ಯಾರು ಆರಿಸಿದರು, ಗೊತ್ತೇನೋ ಅಜಯಾ? ಗೊತ್ತಿದ್ದರೆ ತಲೆ ಆಡಿಸು. ಅವನು ತಲೆ ಆಡಿಸಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದ. ನೋವಿಗೆ ಎಂದುಕೊಂಡು ಹೊದಿಕೆ ಸರಿಮಾಡಿ ಬಂದಿದ್ದೆ.

ಜನ ಬಾಗಿಲಲ್ಲಿ ನಿಂತಿದ್ದರು. ಶಾಂತಕುಮಾರ ವಾಲಿದ ಮೇಜನ್ನು ನೆಟ್ಟಗೆ ಮಾಡಿ, ಅದರ ಮೇಲೆ ಪಂಚನಾಮೆಯ ಹಾಳೆ ಹರಡಿ ಪೆನ್ನಿನ ಮುಚ್ಚಳ ತೆಗೆದರು.

"ಈ ದನಿ ಯಾರದು, ಗುರ್ತ ಹಿಡೀತೀರೇನ್ರಿ ವಕೀಲ್ರೇ?"